ಒಂದು ಸೆಲ್ಲಿಗೆ ಅರ್ಧ ರೂಪಾಯಿ

ಕೆಟ್ಟ ಟಿವಿ ಬರಲಿ, ಯುಪಿಎಸ್ ಬರಲಿ, ಮಗ್ಗದ ಎಲೆಕ್ಟ್ರಾನಿಕ್ ಜಕಾರ್ಡಿನ ಬೋರ್ಡ್ ಬರಲಿ, ಮುಚ್ಚಳ ಬಿಚ್ಚಿದ ಕೂಡಲೇ ನಾನು ನೋಡುವುದು ಕೆಪಾಸಿಟರ್‌ಗಳ ನೆತ್ತಿಯನ್ನು. ಅಲ್ಯೂಮಿನಿಯಂ ಮೈ, ಅದಕ್ಕೆ ಕಪ್ಪು ಇಲ್ಲವೇ ನೀಲಿ ಪ್ಲಾಸ್ಟಿಕ್ ಹೊದಿಕೆ, ಒಂದು ಬದಿಗೆ ಮೈನಸ್ ಗುರುತಿನ ಪಟ್ಟಿ, ನೆತ್ತಿಯ ಮೇಲೆ ಅಡ್ಡಡ್ಡ ಉದ್ದುದ್ದ ಗೀರಿದ ಗೆರೆ. ಒಳಗಿನ ದ್ರಾವಣ ಕಾದು ಅನಿಲವಾದರೆ ಇಡೀ ಡಬ್ಬಿ ಸಿಡಿಯದೆ ಆ ಗೆರೆಯಲ್ಲೇ ಬಾಯಿ ಬಿಡಲಿ ಎಂದು ಹಾಗೆ ಮಾಡಿರುತ್ತಾರೆ. ನೆತ್ತಿ ಚಪ್ಪಟೆಯಾಗಿದ್ದರೆ ಸರಿ, ಉಬ್ಬಿದ್ದರೆ ಹೋಯಿತು. ತೆಗೆದು ಇನ್ನೊಂದನ್ನು ಸೋಲ್ಡರ್ ಮಾಡಿದರೆ ಹತ್ತರಲ್ಲಿ ಆರು ಕೇಸು ಅಲ್ಲಿಗೇ ಮುಗಿಯುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ನೂರರ ಲೆಕ್ಕದಲ್ಲಿ ತಂದರೆ ಸಣ್ಣ ಕೆಪಾಸಿಟರ್ ಒಂದಕ್ಕೆ ಬೀಳುವುದು ಕೆಲವೇ ರೂಪಾಯಿ. ಅದರ ಬೆಲೆ ಎಷ್ಟೆಂದು ಗಿರಾಕಿ ಕೇಳುವುದಿಲ್ಲ, ರಿಪೇರಿಯವನು ಹೇಳುವುದೂ ಇಲ್ಲ.

ಯಾರೂ ಕೇಳದ ಈ ಬೆಲೆಯ ವಿಷಯದಲ್ಲೇ ಜಪಾನಿನ ಒಂಬತ್ತು ಕಂಪನಿಗಳು 1998ರಿಂದ 2012ರವರೆಗೆ, ಹದಿನಾಲ್ಕು ವರ್ಷ, ಒಳಗೊಳಗೆ ಕೂಡಿಕೊಂಡಿದ್ದವು ಎಂದು ಯುರೋಪಿಯನ್ ಕಮಿಷನ್ 2018ರ ಮಾರ್ಚ್ 21ರಂದು ತೀರ್ಪು ಕೊಟ್ಟಿತು. ನಿಪ್ಪಾನ್ ಕೆಮಿಕಾನ್, ನಿಚಿಕಾನ್, ರೂಬಿಕಾನ್, ಎಲ್ನಾ: ಹಳೆಯ ಬೋರ್ಡುಗಳನ್ನು ಬಿಚ್ಚಿದವರಿಗೆಲ್ಲ ಈ ಹೆಸರುಗಳು ಗೊತ್ತು. ನಾವು ಕಣ್ಣು ಮುಚ್ಚಿ ನಂಬುತ್ತಿದ್ದ ಮಾರ್ಕಿನ ಮಾಲು ಇವೇ. ಮಾಲಿನಲ್ಲಿ ಮೋಸವಿರಲಿಲ್ಲ. ಮುಂದೆ ಯಾವ ಬೆಲೆ ಕೇಳಬೇಕು, ಎಷ್ಟು ಬೇಡಿಕೆ ಬರಲಿದೆ, ಎಷ್ಟು ಮಾಲು ಬಿಡಬೇಕು ಎಂಬುದನ್ನು ಒಬ್ಬರಿಗೊಬ್ಬರು ಹೇಳಿಕೊಂಡು ವ್ಯವಹಾರ ಮಾಡಿದ್ದು ತಪ್ಪು. ಓದಿದ ಮೇಲೆ ನಾಶ ಮಾಡಿಬಿಡಿ ಎಂದು ಪತ್ರಗಳಲ್ಲೇ ಬರೆದುಕೊಂಡಿದ್ದರೆಂದ ಮೇಲೆ, ಮಾಡುತ್ತಿರುವುದು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎಂಟು ಕಂಪನಿಗಳಿಗೆ ಬಿದ್ದ ಒಟ್ಟು ದಂಡ 25.4 ಕೋಟಿ ಯೂರೊ. ಒಂಬತ್ತನೆಯದಾದ ಸಾನ್ಯೊಗೆ ದಂಡವಿಲ್ಲ. ಏಕೆಂದರೆ ಅದರ ಒಡೆಯ ಸಂಸ್ಥೆ ಪ್ಯಾನಾಸಾನಿಕ್ ತಾನಾಗಿ ಹೋಗಿ ಗುಟ್ಟು ಬಿಟ್ಟುಕೊಟ್ಟಿತ್ತು.

ಇದು ನಮ್ಮ ಕಡೆಯ ರೈತರಿಗೆ ಬೇಗ ಅರ್ಥವಾಗುವ ವಿಷಯ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ಹತ್ತು ಮಂದಿ ರೀಲರ್‌ಗಳು ಒಬ್ಬರ ಮೇಲೊಬ್ಬರು ಬೆಲೆ ಏರಿಸಿದರೆ ರೈತನಿಗೆ ಬೆಲೆ ಸಿಗುತ್ತದೆ. ಅದೇ ಹತ್ತು ಮಂದಿ ಬೆಳಿಗ್ಗೆ ಕಾಫಿ ಕುಡಿಯುವಾಗಲೇ ಇವತ್ತು ಇಷ್ಟಕ್ಕಿಂತ ಮೇಲೆ ಹೋಗುವುದು ಬೇಡ ಎಂದು ಮಾತಾಡಿಕೊಂಡು ಬಂದಿದ್ದರೆ ಹರಾಜು ಬರೀ ನಾಟಕ. ಅಲ್ಲಿ ಕೊಳ್ಳುವವರು ಕೂಡಿಕೊಂಡು ಬೆಲೆ ಇಳಿಸುತ್ತಾರೆ. ಕೆಪಾಸಿಟರ್‌ನವರು ಮಾರುವ ಕಡೆಯಿಂದ ಕೂಡಿಕೊಂಡರು. ಹೀಗೆ ಕೂಡಿಕೊಳ್ಳುವುದಕ್ಕೆ ಕಾನೂನಿನಲ್ಲಿ ಕಾರ್ಟೆಲ್, ಅಂದರೆ ಬೆಲೆ ಕೂಟ, ಎನ್ನುತ್ತಾರೆ.

ನಾನು ರಾಜಘಟ್ಟದವನು.  ದೊಡ್ಡಬಳ್ಳಾಪುರದಲ್ಲಿ ರೇಡಿಯೊ ರಿಪೇರಿಗೆಂದು ಹಾಕಿದ ನನ್ನ ಅಂಗಡಿ ಟಿವಿಯ ಕಾಲ ದಾಟಿ ಈಗ ಮಗ್ಗದ ಬೋರ್ಡುಗಳಿಗೆ ಬಂದು ನಿಂತಿದೆ. ನಾನು ವಕೀಲನಲ್ಲ. ಆದರೂ ಈ ಕೆಪಾಸಿಟರ್ ಕೇಸಿನ ಬೆನ್ನು ಹತ್ತಿದೆ. ಬಿಡಿಭಾಗದ ಬೆಲೆ ಜೇಬಿನಿಂದ ಜೇಬಿಗೆ ಹೇಗೆ ಜಾರುತ್ತದೆ ಎಂಬುದು ನನ್ನ ದಿನನಿತ್ಯದ ಕಸುಬು. ದಂಡ ಹಾಕಿದರು ಎಂಬಲ್ಲಿಗೆ ಪತ್ರಿಕೆಯ ಸುದ್ದಿ ಮುಗಿಯುತ್ತದೆ. ಹೆಚ್ಚು ಕೊಟ್ಟವರ ದುಡ್ಡು ಏನಾಯಿತು ಎಂಬುದೇ ನನಗೆ ಬೇಕಿತ್ತು.

ಆ ದುಡ್ಡನ್ನು ವಾಪಸ್ ಕೇಳಲು ಅಮೆರಿಕದಲ್ಲಿ ಒಂದು ದಾರಿ ಇದೆ. ಅಲ್ಲಿನ ನ್ಯಾಯಾಂಗ ಇಲಾಖೆ ಕ್ರಿಮಿನಲ್ ಕೇಸು ಹಾಕಿತು. ಕೆಪಾಸಿಟರ್ ಕಂಪನಿಗಳು ಒಂದೊಂದಾಗಿ ತಪ್ಪೊಪ್ಪಿಕೊಂಡವು. ನಿಪ್ಪಾನ್ ಕೆಮಿಕಾನ್ ಒಂದಕ್ಕೇ 2018ರಲ್ಲಿ ಆರು ಕೋಟಿ ಡಾಲರ್ ದಂಡ ಬಿತ್ತು. ಅದು ಸರ್ಕಾರಕ್ಕೆ ಹೋದ ದುಡ್ಡು. ಇದರಿಂದ ಬೇರೆಯಾಗಿ, ಕೊಂಡವರೇ 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ನ್ಯಾಯಾಲಯಕ್ಕೆ ಹೋದರು. ಮುಂದೆ ನಿಂತವರಲ್ಲಿ ಚಿಪ್-ಟೆಕ್ ಎಂಬ ಬಿಡಿಭಾಗ ವಿತರಕ ಸಂಸ್ಥೆಯೂ ಇತ್ತು. ಅಂದರೆ ಎಸ್.ಪಿ. ರೋಡಿನ ಅಂಗಡಿಯಂಥದೇ ವ್ಯಾಪಾರ, ಅಳತೆ ಮಾತ್ರ ದೊಡ್ಡದು. ಈ ಕೆಲವರು ಹೂಡಿದ ದಾವೆ ಅವರಿಗೋಸ್ಕರ ಮಾತ್ರವಲ್ಲ, ಅದೇ ಕಾಲದಲ್ಲಿ ಅದೇ ಮಾಲನ್ನು ಅದೇ ಕಂಪನಿಗಳಿಂದ ಕೊಂಡ ಎಲ್ಲರ ಪರವಾಗಿ. ಇದೇ ಸಾಮೂಹಿಕ ದಾವೆ. ಇಷ್ಟು ಜನರದೂ ಒಂದೇ ಬಗೆಯ ನಷ್ಟ, ಇವರು ಎಲ್ಲರ ಪರವಾಗಿ ನಿಲ್ಲಬಹುದು ಎಂದು ನ್ಯಾಯಾಧೀಶರು ಮೊದಲು ಒಪ್ಪಬೇಕು. ಒಪ್ಪಿದ ಮೇಲೆ ಆ ಗುಂಪಿಗೆ ಸೇರುವ ಎಲ್ಲರಿಗೂ ನೋಟಿಸ್ ಹೋಗುತ್ತದೆ. ನನಗೆ ಇದು ಬೇಡ, ನನ್ನ ಕೇಸು ನಾನೇ ನೋಡಿಕೊಳ್ಳುತ್ತೇನೆ ಎನ್ನುವವರು ಹೊರಗೆ ಹೋಗಬಹುದು. ಸುಮ್ಮನಿದ್ದವರು ಒಳಗಿದ್ದಂತೆ.

ನ್ಯಾಯಾಧೀಶ ಜೇಮ್ಸ್ ಡೊನಾಟೊ ಅವರ ಮುಂದೆ ಈ ಕೇಸು ವರ್ಷಗಟ್ಟಲೆ ನಡೆಯಿತು. ಒಂದೊಂದೇ ಕಂಪನಿ ರಾಜಿಗೆ ಬಂತು. ಬಾರದೆ ಉಳಿದವರ ವಿಚಾರಣೆ ಜ್ಯೂರಿಯ ಮುಂದೆ 2020ರ ಮಾರ್ಚಿನಲ್ಲಿ ಶುರುವಾಗಿ ಕೋವಿಡ್‌ನಿಂದ ನಿಂತು, 2021ರ ಕೊನೆಯಲ್ಲಿ ಮತ್ತೆ ನಡೆಯುತ್ತಿರುವಾಗಲೇ ನಿಪ್ಪಾನ್ ಕೆಮಿಕಾನ್ 16 ಕೋಟಿ ಡಾಲರ್ ಕೊಡಲು ಒಪ್ಪಿ ಕೇಸು ಮುಗಿಸಿಕೊಂಡಿತು. ನೇರವಾಗಿ ಕೊಂಡವರಿಗೆಂದು ಎಲ್ಲ ರಾಜಿಗಳಿಂದ ಸೇರಿದ ಮೊತ್ತ 60 ಕೋಟಿ ಡಾಲರ್ ದಾಟಿತು.

ಇಲ್ಲಿ ಎರಡು ವಿಷಯ ಗಮನಿಸಬೇಕು. ರಾಜಿ ಎಂದರೆ ತಪ್ಪೊಪ್ಪಿಗೆಯಲ್ಲ. ಕ್ರಿಮಿನಲ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡದ್ದು ಬೇರೆ. ರಾಜಿಪತ್ರದಲ್ಲಿ ಕಂಪನಿಗಳು ಸಾಮಾನ್ಯವಾಗಿ ನಾವು ಏನೂ ತಪ್ಪು ಮಾಡಿಲ್ಲ, ಕೇಸು ಮುಗಿಯಲಿ ಎಂದು ಕೊಡುತ್ತಿದ್ದೇವೆ ಎಂದೇ ಬರೆಯುತ್ತವೆ. ಅದಕ್ಕೇ ಇಂಥ ಸುದ್ದಿಗಳಲ್ಲಿ ಆರೋಪ ಎಂಬ ಮಾತು ಕೊನೆಯವರೆಗೂ ಇರುತ್ತದೆ. ಎರಡನೆಯದು, ನೇರವಾಗಿ ಕೊಂಡವರು ಯಾರು ಎಂಬ ಪ್ರಶ್ನೆ. ಕೆಪಾಸಿಟರ್ ಕೊಂಡದ್ದು ಟಿವಿ ಮಾಡುವವನು. ಟಿವಿ ಕೊಂಡದ್ದು ಅಂಗಡಿ. ಅಂಗಡಿಯಿಂದ ತಂದದ್ದು ಮನೆಯವರು. ಹೆಚ್ಚಿದ ಬೆಲೆ ಇಳಿದು ಇಳಿದು ಕೊನೆಗೆ ನಿಲ್ಲುವುದು ಮನೆಯವರ ತಲೆಯ ಮೇಲೆ. ಆದರೆ 1977ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ ಫೆಡರಲ್ ಕಾನೂನಿನಲ್ಲಿ ನಷ್ಟ ಕೇಳುವ ಹಕ್ಕಿರುವುದು ಮೊದಲು ಕೊಂಡವನಿಗೆ ಮಾತ್ರ. ಕೊನೆಯವರು ತಮ್ಮ ತಮ್ಮ ರಾಜ್ಯದ ಕಾನೂನಿನಲ್ಲಿ ದಾರಿಯಿದ್ದರೆ ಹೋಗಬೇಕು. ಕ್ಯಾಲಿಫೋರ್ನಿಯದಲ್ಲಿ ಆ ದಾರಿ ಇದೆ.

ಅಲ್ಲಿ ಫ್ರೀಮಾಂಟಿನಲ್ಲಿರುವ ನನ್ನ ಅಕ್ಕನ ಮಗನಿಗೆ ಅದರ ಅನುಭವವಾಗಿದೆ. ಕಂಪ್ಯೂಟರಿನ ಮೆಮೊರಿ ಚಿಪ್‌ಗಳ ಬೆಲೆಯನ್ನು ಕಂಪನಿಗಳು ಕೂಡಿಕೊಂಡು ಏರಿಸಿದ್ದವು ಎಂಬ ಇನ್ನೊಂದು ಕೇಸಿನಲ್ಲಿ ಸ್ಯಾಮ್ಸಂಗ್‌ಗೆ 2005ರಲ್ಲಿ 30 ಕೋಟಿ ಡಾಲರ್ ಕ್ರಿಮಿನಲ್ ದಂಡ ಬಿದ್ದಿತ್ತು. ಆಮೇಲೆ 2014ರಲ್ಲಿ ಸಾಮಾನ್ಯ ಗ್ರಾಹಕರಿಗೆಂದು 31 ಕೋಟಿ ಡಾಲರಿನ ರಾಜಿಗೆ ಕೋರ್ಟಿನ ಒಪ್ಪಿಗೆ ಸಿಕ್ಕಿತು. 1998ರಿಂದ 2002ರ ನಡುವೆ ಕಂಪ್ಯೂಟರ್, ಪ್ರಿಂಟರ್, ಆಟದ ಯಂತ್ರ ಏನೇ ಕೊಂಡಿದ್ದರೂ ಅರ್ಜಿ ಹಾಕಬಹುದಿತ್ತು. ಹತ್ತು ಡಾಲರಿನಷ್ಟಕ್ಕೆ ಬಿಲ್ಲೂ ಬೇಕಿರಲಿಲ್ಲ. ಅವನು ಓದಲು ಹೋದ ಹೊಸದರಲ್ಲಿ ಕೊಂಡಿದ್ದ ಕಂಪ್ಯೂಟರಿನ ಹೆಸರಲ್ಲಿ ಅರ್ಜಿ ತುಂಬಿದ್ದ. ಚೆಕ್ ಬಂದ ದಿನ ಫೋನ್ ಮಾಡಿ, “ಮಾವ, ಇದರಲ್ಲಿ ಒಂದು ಹೊತ್ತಿನ ಊಟ ಆಗುತ್ತೆ ಅಷ್ಟೇ. ಆದರೆ ಕವರ್ ಒಡೆದಾಗ ನಮ್ಮ ಲೆಕ್ಕ ಯಾರೋ ಇಟ್ಟಿದ್ದರು ಅನ್ನಿಸ್ತು” ಎಂದ. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಇಂಥ ರಾಜಿಗಳಲ್ಲಿ ವಕೀಲರ ಪಾಲು ದೊಡ್ಡದು, ಕೆಲವೊಮ್ಮೆ ಒಟ್ಟು ಮೊತ್ತದ ಮೂರನೇ ಒಂದು ಭಾಗದ ಹತ್ತಿರಕ್ಕೆ ಹೋಗುತ್ತದೆ. ಸಾಮಾನ್ಯನ ಕೈಗೆ ಬರುವುದು ಚಿಲ್ಲರೆ. ಈ ಟೀಕೆ ನಿಜ. ಆದರೂ ಚಿಲ್ಲರೆಯಾದರೂ ಬಂತಲ್ಲ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಯಾಕೆಂದರೆ ನಮ್ಮಲ್ಲಿ ಹೀಗೇ ಕೂಟ ಸಿಕ್ಕಿಬಿದ್ದಿದೆ, ದಂಡವೂ ಬಿದ್ದಿದೆ. ಚಿಲ್ಲರೆ ಮಾತ್ರ ಬರಲಿಲ್ಲ.

ನಮ್ಮ ದೇಶದ ಸ್ಪರ್ಧಾ ಕಾಯ್ದೆ 2002ರದು. ಕಂಪನಿಗಳ ಒಳಒಪ್ಪಂದವನ್ನು ನಿಷೇಧಿಸುವ ಅದರ 3ನೇ ಸೆಕ್ಷನ್ ಜಾರಿಗೆ ಬಂದದ್ದು 2009ರ ಮೇ 20ರಂದು. ಅದರ ಜಾರಿಯನ್ನು ನೋಡಿಕೊಳ್ಳುವುದು ದೆಹಲಿಯ ಭಾರತೀಯ ಸ್ಪರ್ಧಾ ಆಯೋಗ. ಗುಟ್ಟು ಬಿಟ್ಟುಕೊಟ್ಟು ದಂಡ ಕಡಿಮೆ ಮಾಡಿಸಿಕೊಂಡ ಮೊದಲ ಪ್ರಕರಣ 2017ರ ಜನವರಿಯಲ್ಲಿ ತೀರ್ಮಾನವಾಯಿತು. ಅದು ರೈಲು ಬೋಗಿಗಳ ಬ್ರಷ್‌ಲೆಸ್ ಫ್ಯಾನುಗಳದು. ಭಾರತೀಯ ರೈಲ್ವೆ ಮತ್ತು ನಮ್ಮ ಬೆಂಗಳೂರಿನ ಬಿಇಎಂಎಲ್ ಕರೆದ ಟೆಂಡರುಗಳಲ್ಲಿ ಮೂರು ಸಂಸ್ಥೆಗಳು ಮೊದಲೇ ಮಾತಾಡಿಕೊಂಡು ಬೆಲೆ ಬರೆದಿದ್ದವು. 2021ರ ಸೆಪ್ಟೆಂಬರಿನಲ್ಲಿ ಬಿಯರ್ ಕಂಪನಿಗಳ ಸರದಿ. ಒಟ್ಟು 873 ಕೋಟಿ ರೂಪಾಯಿ ದಾಟಿದ ಆ ದಂಡದಲ್ಲಿ 751 ಕೋಟಿಗೂ ಹೆಚ್ಚು ಬಿದ್ದದ್ದು ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ಗೆ. ಈ ಎರಡನ್ನೂ ಇಷ್ಟಕ್ಕೇ ಬಿಡುತ್ತೇನೆ. ನನಗೆ ಹೇಳಬೇಕಿರುವುದು ಟಾರ್ಚ್ ಸೆಲ್ಲಿನ ಕೇಸು.

ನಮ್ಮ ಹೊಲಗಳ ಬೋರ್‌ವೆಲ್‌ಗಳಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಹೊತ್ತು ಬರುತ್ತಿದ್ದ ಕಾಲದಲ್ಲಿ ಬೆಳೆಯಿದ್ದ ಮನೆಯವರೆಲ್ಲ ಕತ್ತಲಲ್ಲೇ ಸ್ಟಾರ್ಟರ್ ಒತ್ತಲು ಹೋಗಬೇಕಿತ್ತು. ದ್ರಾಕ್ಷಿ ಚಪ್ಪರದ ಕೆಳಗೆ, ಹಿಪ್ಪುನೇರಳೆ ಸಾಲಿನ ನಡುವೆ ಹಾವು ಹುಳದ ಭಯ. ಕೈಯಲ್ಲಿ ಟಾರ್ಚ್ ಇಲ್ಲದೆ ಯಾರೂ ಬದುವಿಗೆ ಕಾಲಿಡುತ್ತಿರಲಿಲ್ಲ. “ಎರಡು ದೊಡ್ಡ ಸೆಲ್ಲು ಕೊಡಣ್ಣ” ಎಂದು ಸಂಜೆ ಅಂಗಡಿಗೆ ಬಂದವರು ಸೆಲ್ಲನ್ನು ಟಾರ್ಚಿಗೆ ಹಾಕಿಸಿ, ಒಂದು ಸಲ ಗೋಡೆಗೆ ಬೆಳಕು ಬಿಟ್ಟು ನೋಡಿ, ಆಮೇಲೇ ದುಡ್ಡು ಎಣಿಸುತ್ತಿದ್ದರು. ಬೆಳಕನ್ನು ಹೀಗೆ ಪರೀಕ್ಷೆ ಮಾಡಬಹುದಿತ್ತು. ಬೆಲೆಯನ್ನು ಯಾವ ಗೋಡೆಗೆ ಬಿಟ್ಟು ನೋಡುವುದು?

ಆ ಸೆಲ್ಲನ್ನು ಕೊಯ್ದು ನೋಡಿದರೆ ಒಳಗೆ ಹೆಚ್ಚೇನೂ ಇಲ್ಲ. ಸತುವಿನ ಒಂದು ಲೋಟ, ಅದೇ ಮೈನಸ್. ನಡುವೆ ಕಾರ್ಬನ್ ಕಡ್ಡಿ, ಅದರ ತಲೆಗೆ ಲೋಹದ ಟೋಪಿ, ಅದು ಪ್ಲಸ್. ಎರಡರ ಮಧ್ಯೆ ಮ್ಯಾಂಗನೀಸ್ ಡೈಆಕ್ಸೈಡ್ ಸೇರಿದ ಕಪ್ಪು ಮುದ್ದೆ. ಸತು ಕರಗುತ್ತ ಹೋದಂತೆ ಕರೆಂಟು ಬರುತ್ತದೆ. ಪೂರ್ತಿ ಕರಗಿದರೆ ತೂತು ಬಿದ್ದು ಸೋರಿ ಟಾರ್ಚಿನ ಸ್ಪ್ರಿಂಗನ್ನು ತಿನ್ನುತ್ತದೆ. ಹಳ್ಳಿಯ ಮಕ್ಕಳು ಸತ್ತ ಸೆಲ್ಲನ್ನು ಕಲ್ಲಲ್ಲಿ ಜಜ್ಜಿ ಕಡ್ಡಿ ತೆಗೆದು ಗೋಡೆಯ ಮೇಲೆ ಗೀಚುತ್ತಿದ್ದರು, ಇದು ಅಷ್ಟು ಪರಿಚಯದ ವಸ್ತು. ನೂರು ವರ್ಷಕ್ಕೂ ಹಳೆಯ ವಿದ್ಯೆ. ಇಂಥದರಲ್ಲಿ ಹೊಸ ಕಂಪನಿಯವರು ಹೊಸದೇನನ್ನಾದರೂ ತರುವುದು ಕಷ್ಟ. ಗಿರಾಕಿಗೆ ಏನಾದರೂ ಅನುಕೂಲ ಆಗಬೇಕಾದರೆ ಅದು ಒಬ್ಬನ ಬೆಲೆಗಿಂತ ಇನ್ನೊಬ್ಬನ ಬೆಲೆ ಕಡಿಮೆಯಾಗುವುದರಿಂದಲೇ ಆಗಬೇಕು. ಆ ಒಂದು ಬಾಗಿಲನ್ನೇ ಮುಚ್ಚಿಬಿಟ್ಟರೆ ಬೇರೆ ಬಾಗಿಲಿಲ್ಲ.

ಸ್ಪರ್ಧಾ ಆಯೋಗ 2018ರ ಏಪ್ರಿಲ್ 19ರ ಆದೇಶದಲ್ಲಿ ಹೇಳಿದ್ದು ಅದನ್ನೇ. ಎವರೆಡಿ, ನಿಪ್ಪೊ ಮಾರ್ಕಿನ ಇಂಡೊ ನ್ಯಾಷನಲ್, ಪ್ಯಾನಾಸಾನಿಕ್ ಎನರ್ಜಿ ಇಂಡಿಯಾ, ಈ ಮೂರೂ ಕೂಡಿ ಸತು-ಕಾರ್ಬನ್ ಸೆಲ್ಲಿನ ಬೆಲೆ ನಿರ್ಧರಿಸುತ್ತಿದ್ದವು. ತಯಾರಕರ ಸಂಘವೇ ಅದಕ್ಕೆ ಜಾಗ ಮಾಡಿಕೊಟ್ಟಿತ್ತು. ದೇಶದ ಈ ಮಾರುಕಟ್ಟೆಯ ಬಹುಪಾಲು ಇದ್ದದ್ದು ಈ ಮೂವರ ಕೈಯಲ್ಲೇ. ಮೊದಲು ಒಳಗೆ ಮಾತುಕತೆ. ಆಮೇಲೆ ಒಬ್ಬರು ಬೆಲೆ ಏರಿಸಿದ್ದೇವೆ ಎಂದು ಪತ್ರಿಕೆಗೆ ಹೇಳಿಕೆ ಕೊಡುವುದು. ಅದನ್ನು ನೋಡಿಯೇ ನಾವೂ ಏರಿಸಿದೆವು ಎಂಬಂತೆ ಮಿಕ್ಕವರು ಏರಿಸುವುದು. ಹೊರಗಿನಿಂದ ನೋಡುವವನಿಗೆ ಸತುವಿನ ಬೆಲೆ ಹೆಚ್ಚಿರಬೇಕು, ಎಲ್ಲರೂ ಏರಿಸಿದ್ದಾರೆ ಅನ್ನಿಸಬೇಕು. ಅಂಗಡಿಯಲ್ಲಿ ಕೂತ ನನಗೂ ಹಾಗೇ ಅನ್ನಿಸುತ್ತಿತ್ತು.

ಗುಟ್ಟು ಬಯಲಾದದ್ದೂ ಕೆಪಾಸಿಟರಿನ ಕೇಸಿನಂತೆಯೇ, ಅದೇ ಮನೆತನದಿಂದ. ಜಪಾನಿನ ಪ್ಯಾನಾಸಾನಿಕ್ 2016ರ ಮೇ ತಿಂಗಳಲ್ಲಿ ತನ್ನ ಭಾರತದ ಕಂಪನಿಯ ಪರವಾಗಿ ಆಯೋಗಕ್ಕೆ ಎಲ್ಲವನ್ನೂ ಹೇಳಿಕೊಂಡಿತು. ಆಗಸ್ಟ್ 23ರಂದು ತನಿಖಾಧಿಕಾರಿಗಳು ಕಚೇರಿಗಳ ಮೇಲೆ ದಾಳಿ ಮಾಡಿ ಕಾಗದ ಪತ್ರ ವಶಪಡಿಸಿಕೊಂಡರು. ಆಮೇಲೆ ಮಿಕ್ಕ ಇಬ್ಬರೂ ಸಹಕರಿಸುತ್ತೇವೆ ಎಂದು ಮುಂದೆ ಬಂದರು. ಮೊದಲು ಬಂದವನಿಗೆ ಪೂರ್ತಿ ಮಾಫಿಯವರೆಗೂ ಸಿಗಬಹುದು, ನಂತರ ಬಂದವರಿಗೆ ಸ್ವಲ್ಪ ಸ್ವಲ್ಪ ರಿಯಾಯಿತಿ, ಕಾನೂನೇ ಹಾಗಿದೆ. ಕೂಟದಲ್ಲಿ ಇರುವವರಿಗೆ ಒಬ್ಬರ ಮೇಲೊಬ್ಬರಿಗೆ ಅನುಮಾನ ಹುಟ್ಟಲಿ ಎಂಬುದೇ ಅದರ ಉದ್ದೇಶ. ಪ್ಯಾನಾಸಾನಿಕ್‌ಗೆ ನೂರಕ್ಕೆ ನೂರು ವಿನಾಯಿತಿ ಸಿಕ್ಕಿತು. ಎವರೆಡಿಗೆ ಶೇ 30 ಕಳೆದು 171.55 ಕೋಟಿ, ಇಂಡೊ ನ್ಯಾಷನಲ್‌ಗೆ ಶೇ 20 ಕಳೆದು 42.26 ಕೋಟಿ ರೂಪಾಯಿ ದಂಡ. ದಂಡ ಬಿದ್ದವರು ಮೇಲ್ಮನವಿಗೆ ಹೋದರು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಈ ಕಾಯ್ದೆಯಡಿ ವಸೂಲಾಗುವ ದಂಡವೆಲ್ಲ 47ನೇ ಸೆಕ್ಷನ್ನಿನಂತೆ ಭಾರತದ ಸಂಚಿತ ನಿಧಿಗೆ ಜಮೆಯಾಗುತ್ತದೆ. ಅಂದರೆ ಸರ್ಕಾರದ ದೊಡ್ಡ ಗಲ್ಲಾಪೆಟ್ಟಿಗೆಗೆ. ಅದರಿಂದ ರಸ್ತೆ ಆಗಬಹುದು, ಶಾಲೆ ಆಗಬಹುದು, ಬೇಡ ಎನ್ನುವುದಿಲ್ಲ. ಆದರೆ ಸೆಲ್ಲು ಕೊಂಡವನಿಗೆ ಅದರಿಂದ ಒಂದು ಪೈಸೆಯಿಲ್ಲ, ಹೆಚ್ಚು ಬೆಲೆ ಕೊಟ್ಟಿದ್ದೀಯ ಎಂದು ತಿಳಿಸುವ ಒಂದು ಕಾಗದವೂ ಇಲ್ಲ.

ಲೆಕ್ಕ ಹಾಕಿ ನೋಡೋಣ. ಸೆಲ್ಲಿನ ಬೆಲೆಯಲ್ಲಿ ಕೂಟದಿಂದ ಎಷ್ಟು ಹೆಚ್ಚಾಗಿತ್ತೆಂಬುದು ಇಲ್ಲಿ ಬರೀ ನನ್ನ ಊಹೆ: ಒಂದಕ್ಕೆ ಅರ್ಧ ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ ಎರಡು ಸೆಲ್ಲು ಕೊಳ್ಳುವ ಮನೆಗೆ ವರ್ಷಕ್ಕೆ ಹನ್ನೆರಡು ರೂಪಾಯಿ. ಕಾಯ್ದೆ ಜಾರಿಯಾದ 2009ರಿಂದ ದಾಳಿ ನಡೆದ 2016ರವರೆಗೆ ಏಳು ವರ್ಷಕ್ಕೆ 84 ರೂಪಾಯಿ. ಎಂಬತ್ತನಾಲ್ಕು ರೂಪಾಯಿಗೆ ಯಾರು ದೆಹಲಿಗೆ ಹೋಗುತ್ತಾರೆ? ದೊಡ್ಡಬಳ್ಳಾಪುರದ ಕೋರ್ಟಿಗೂ ಹೋಗುವುದಿಲ್ಲ, ಒಂದು ದಿನದ ಕೂಲಿ ಅದಕ್ಕಿಂತ ಹೆಚ್ಚು. ಆದರೆ ಸಾವಿರ ಮನೆಯ ಊರಿಗೆ ಅದು 84 ಸಾವಿರ. ಅಂಥ ನೂರು ಊರಿಗೆ 84 ಲಕ್ಷ. ಕೂಟ ಕಟ್ಟುವವರಿಗೆ ಗೊತ್ತಿರುವುದು ಈ ಎರಡನೆಯ ಲೆಕ್ಕ. ಕೊಳ್ಳುವವನಿಗೆ ಕಾಣುವುದು ಮೊದಲನೆಯದು ಮಾತ್ರ. ಸಾಮೂಹಿಕ ದಾವೆ ಎಂಬುದನ್ನು ಕಂಡುಹಿಡಿದದ್ದೇ ಸಾವಿರ ಮನೆಯ ಎಂಬತ್ತನಾಲ್ಕು ರೂಪಾಯಿಗಳನ್ನು ಒಂದೇ ಕಡತಕ್ಕೆ ತರುವುದಕ್ಕೆ.

ನಮ್ಮ ಕಾನೂನಿನಲ್ಲಿ ಇದಕ್ಕೆ ಜಾಗವೇ ಇಲ್ಲವೆಂದಲ್ಲ. ಅದೇ ಕಾಯ್ದೆಯ 53ಎನ್ ಸೆಕ್ಷನ್ ಓದಿ ನನಗೆ ಆಶ್ಚರ್ಯವಾಯಿತು. ಕಂಪನಿ ತಪ್ಪು ಮಾಡಿದೆ ಎಂದು ಆಯೋಗ ತೀರ್ಮಾನಿಸಿದ ಮೇಲೆ ಅದರಿಂದ ನಷ್ಟವಾದವರು ಮೇಲ್ಮನವಿ ನ್ಯಾಯಮಂಡಳಿಗೆ ಅರ್ಜಿ ಹಾಕಿ ಪರಿಹಾರ ಕೇಳಬಹುದು. 2017ರಿಂದ ಆ ಕೆಲಸ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಯದು. ಒಂದೇ ಹಿತಾಸಕ್ತಿಯ ಹಲವಾರು ಜನರಿಗೆ ನಷ್ಟವಾಗಿದ್ದರೆ ಒಬ್ಬರು ಇಲ್ಲವೇ ಕೆಲವರು ನ್ಯಾಯಮಂಡಳಿಯ ಅನುಮತಿ ಪಡೆದು ಎಲ್ಲರ ಪರವಾಗಿ ಕೇಳಬಹುದು ಎಂದೂ ಅಲ್ಲೇ ಇದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದದ್ದಕ್ಕೆ ಬೇಕಾದ ಬೀಜ ನಮ್ಮ ಪುಸ್ತಕದಲ್ಲೂ ಇದೆ. ಮೊಳೆತಿಲ್ಲ.

ಯಾಕೆ? ನನಗೆ ಕಾಣುವ ಮೊದಲ ಕಾರಣ ಕಾಲ. ಆಯೋಗದ ಆದೇಶ, ಮೇಲ್ಮನವಿ, ಅದರ ಮೇಲೆ ಸುಪ್ರೀಂ ಕೋರ್ಟ್, ಇಷ್ಟೂ ಮುಗಿಯುವುದರೊಳಗೆ ಟಾರ್ಚಿನ ಜಾಗಕ್ಕೆ ಮೊಬೈಲ್ ಬಂದಿರುತ್ತದೆ. ಎರಡನೆಯದು ಪುರಾವೆ. ಕೂಟ ಇರದಿದ್ದರೆ ಬೆಲೆ ಎಷ್ಟಿರುತ್ತಿತ್ತು ಎಂದು ತೋರಿಸುವುದು ಅರ್ಥಶಾಸ್ತ್ರಜ್ಞರ ಕೆಲಸ, ಅದಕ್ಕೆ ಲಕ್ಷಗಟ್ಟಲೆ ಖರ್ಚು. ಅಮೆರಿಕದಲ್ಲಿ ವಕೀಲರೇ ಆ ಖರ್ಚು ಹಾಕಿಕೊಂಡು ಗೆದ್ದ ಮೇಲೆ ಪಾಲು ತೆಗೆದುಕೊಳ್ಳುತ್ತಾರೆ. ನಮ್ಮ ವಕೀಲರು ಗೆದ್ದ ಮೊತ್ತದಲ್ಲಿ ಪಾಲು ಕೇಳುವಂತಿಲ್ಲ. ಆ ನಿಯಮಕ್ಕೆ ಅದರದೇ ಒಳ್ಳೆಯ ಕಾರಣವಿದೆ, ಆದರೆ ಅದರಿಂದ ಬಡವರ ಸಾಮೂಹಿಕ ದಾವೆಗೆ ಬಂಡವಾಳ ಹಾಕುವವರು ಯಾರೂ ಇಲ್ಲದಂತಾಗಿದೆ. ಮೂರನೆಯದು ಬಿಲ್ಲು. ಕಿರಾಣಿ ಅಂಗಡಿಯಲ್ಲಿ ಎರಡು ಸೆಲ್ಲಿಗೆ ಬಿಲ್ಲು ಕೇಳಿದವರನ್ನು ನಾನು ಕಂಡಿಲ್ಲ.

ಎಲ್ಲರ ಪರವಾಗಿ ಕೆಲವರು ನಿಲ್ಲುವುದು ಎಷ್ಟು ಕಷ್ಟ ಎಂಬುದಕ್ಕೆ ಬೆಂಗಳೂರಿನದೇ ಒಂದು ಪ್ರಕರಣದ ತೀರ್ಪಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಸಾಮೂಹಿಕ ದೂರಿಗೆ ಅವಕಾಶವಿದೆ, 2019ರ ಕಾಯ್ದೆಯ 35ನೇ ಸೆಕ್ಷನ್ನಿನಲ್ಲಿ. ಬ್ರಿಗೇಡ್ ಲೇಕ್‌ಫ್ರಂಟ್ ಎಂಬ ವಸತಿ ಸಮುಚ್ಚಯದಲ್ಲಿ 51 ಫ್ಲ್ಯಾಟ್ ಕೊಂಡ 91 ಮಂದಿ, ಮನೆ ತಡವಾಗಿ ಕೊಟ್ಟರೆಂದು, ಅಲ್ಲಿನ 1,134 ಫ್ಲ್ಯಾಟಿನವರೆಲ್ಲರ ಪರವಾಗಿ ದೂರು ಕೊಟ್ಟರು. ಎಲ್ಲರದೂ ಒಂದೇ ಹಿತಾಸಕ್ತಿ ಎಂದು ದೂರಿನಲ್ಲಿ ಸರಿಯಾಗಿ ತೋರಿಸಿಲ್ಲ, ಆದ್ದರಿಂದ ಇದನ್ನು ಸಾಮೂಹಿಕ ದೂರೆಂದು ನಡೆಸಲಾಗದು, ಸಹಿ ಹಾಕಿದವರು ಒಟ್ಟಾಗಿ ತಮ್ಮ ಪಾಲಿಗೆ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ಹೇಳಿತು. ವಕೀಲರು, ಇಂಜಿನಿಯರುಗಳು ಇರುವ ಜಾಗದವರಿಗೇ ಹೀಗಾದರೆ ಟಾರ್ಚ್ ಹಿಡಿದು ಹೊಲಕ್ಕೆ ಹೋಗುವವನ ಪಾಡೇನು?

2023ರಲ್ಲಿ ಸ್ಪರ್ಧಾ ಕಾಯ್ದೆಗೆ ದೊಡ್ಡ ತಿದ್ದುಪಡಿಯಾಯಿತು. ಕಂಪನಿಗಳು ಆಯೋಗದ ಜೊತೆ ರಾಜಿ ಮಾಡಿಕೊಳ್ಳುವ ಅವಕಾಶ ಹೊಸದಾಗಿ ಬಂತು, ಆದರೆ ಬೆಲೆ ಕೂಟದವರನ್ನು ಅದರಿಂದ ಹೊರಗಿಟ್ಟರು. ಅದು ಸರಿ ಎಂದೇ ನನ್ನ ಅಭಿಪ್ರಾಯ. ಕೂಡಿಕೊಂಡು ಬೆಲೆ ಏರಿಸಿದವನು ದುಡ್ಡು ಕೊಟ್ಟು ವಿಚಾರಣೆ ತಪ್ಪಿಸಿಕೊಳ್ಳಬಾರದು. ಆಗಲೇ ಇನ್ನೊಂದು ಕೆಲಸ ಮಾಡಬಹುದಿತ್ತು. ಕೂಟದ ದಂಡದಲ್ಲಿ ಒಂದು ಪಾಲನ್ನು ಬೇರೆ ಇಟ್ಟು, ಬಿಲ್ಲಿಲ್ಲದ ಗ್ರಾಹಕನೂ ಒಂದು ಸಣ್ಣ ಮೊತ್ತಕ್ಕೆ ಅರ್ಜಿ ಹಾಕುವಂತೆ ಮಾಡಬಹುದಿತ್ತು. ಪಿಂಚಣಿ, ರೈತರ ಸಹಾಯಧನ, ಹಾಲಿನ ಪ್ರೋತ್ಸಾಹಧನ ಎಲ್ಲವೂ ನೇರ ಬ್ಯಾಂಕ್ ಖಾತೆಗೆ ಬೀಳುವ ಕಾಲವಿದು. ಎಂಬತ್ತನಾಲ್ಕು ರೂಪಾಯಿ ಹಾಕುವುದು ಅಸಾಧ್ಯವಲ್ಲ. ಅದೇ ತಿದ್ದುಪಡಿ ಇನ್ನೊಂದು ಗಡಿಯನ್ನೂ ಹಾಕಿದೆ: ಆಯೋಗಕ್ಕೆ ದೂರು ಕೊಡುವುದಾದರೆ ತಪ್ಪು ನಡೆದ ಮೂರು ವರ್ಷದೊಳಗೆ ಕೊಡಬೇಕು. ತಡವಾದರೆ ಸಕಾರಣ ತೋರಿಸಬೇಕು. ಕೂಟದ ಗುಟ್ಟು ಹೊರಗೆ ಬರುವುದೇ ಏಳೆಂಟು ವರ್ಷಕ್ಕೆ ಎಂಬುದನ್ನು ನೋಡಿದರೆ ಈ ಗಡಿ ನನಗೆ ಸರಿ ಕಾಣುವುದಿಲ್ಲ.

ದೂರು ಕೊಡುವ ಹಕ್ಕು ಮಾತ್ರ ಅಗಲವಾಗಿದೆ. ನಷ್ಟವಾದವನೇ ಬರಬೇಕೆಂದಿಲ್ಲ, ಯಾರು ಬೇಕಾದರೂ ಆಯೋಗಕ್ಕೆ ಮಾಹಿತಿ ಕೊಡಬಹುದು ಎಂದು ಓಲಾ-ಉಬರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿದೆ. ವ್ಯಕ್ತಿಗಳಿಗೆ, ಗ್ರಾಹಕ ಸಂಘಗಳಿಗೆ, ಸಹಕಾರ ಸಂಘಗಳಿಗೆ ಶುಲ್ಕ ಐದು ಸಾವಿರ ರೂಪಾಯಿ. ಒಬ್ಬನಿಗೆ ಅದು ಹೆಚ್ಚು. ಒಂದು ಸಂಘಕ್ಕೆ ಹೆಚ್ಚಲ್ಲ.

ಸಹಕಾರ ಸಂಘ ಎಂಬ ಮಾತು ಓದಿದ ಮೇಲೆ ನಾನು ನೇರವಾಗಿ ನಮ್ಮೂರ ಹಾಲಿನ ಡೇರಿಯವರನ್ನು ಕಂಡೆ. “ಅಲ್ಲಣ್ಣ, ಡೇರಿಗೂ ಸೆಲ್ಲಿಗೂ ಏನು ಸಂಬಂಧ?” ಎಂದು ಕಾರ್ಯದರ್ಶಿ ಕೇಳಿದರು. ಸೆಲ್ಲಿನ ಕತೆ ಮುಗಿಯಿತು ಸ್ವಾಮಿ, ಇನ್ನು ಮುಂದಿನದು ನೋಡಿ ಎಂದೆ. ಸದಸ್ಯರು ವರ್ಷವಿಡೀ ಕೊಳ್ಳುವ ಹಿಂಡಿ, ಡ್ರಿಪ್ ಪೈಪು, ಮೋಟಾರಿನ ಕೇಬಲ್, ಸ್ಟಾರ್ಟರ್ ಡಬ್ಬಿಯೊಳಗಿನ ಕೆಪಾಸಿಟರ್, ಇವುಗಳ ಬಿಲ್ಲುಗಳ ನಕಲನ್ನು ತಾರೀಖಿನ ಪ್ರಕಾರ ಒಂದು ಪುಸ್ತಕಕ್ಕೆ ಅಂಟಿಸುತ್ತ ಹೋಗೋಣ. ಎರಡು ಮೂರು ಕಂಪನಿಗಳ ಬೆಲೆ ಒಂದೇ ವಾರದಲ್ಲಿ ಒಂದೇ ಅಳತೆಯಲ್ಲಿ ಏರಿದ್ದು ಪದೇ ಪದೇ ಕಂಡರೆ ಅಷ್ಟರಿಂದಲೇ ಕೂಟ ಎಂದು ಸಾಬೀತಾಗುವುದಿಲ್ಲ, ಆದರೆ ಕೇಳುವುದಕ್ಕೆ ಒಂದು ಪ್ರಶ್ನೆ ಸಿಗುತ್ತದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಬರೆದುಕೊಡಿ, ಸರ್ವ ಸದಸ್ಯರ ಸಭೆಯ ವಿಷಯಪಟ್ಟಿಗೆ ಸೇರಿಸುತ್ತೇನೆ ಎಂದರು. ಬರೆದು ಕೊಟ್ಟಿದ್ದೇನೆ. ಪುಸ್ತಕದ ಮೊದಲ ಪುಟಕ್ಕೆ ನನ್ನ ಅಂಗಡಿಗೆ ಎಸ್.ಪಿ. ರೋಡಿನಿಂದ ತಂದ ಈ ತಿಂಗಳ ಕೆಪಾಸಿಟರ್ ಬಿಲ್ಲನ್ನೂ ಜೊತೆಗೆ ಇಟ್ಟಿದ್ದೇನೆ.